ಅಗಸಿಯಿಂದ ಲೆಕ್ಕವೋ, ನಿಂತ ಜಾಗದಿಂದಲೋ: ವೆಬ್ ಲಿಂಕುಗಳ ವಿಳಾಸ

ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ನಿಂತು ಸೂಪರ್ ಮಾರ್ಕೆಟ್ ಎಲ್ಲಿ ಅಂತ ಕೇಳಿದರೆ ಯಾರೂ ಪಿನ್‌ಕೋಡ್ ಹೇಳುವುದಿಲ್ಲ. "ಹಿಂಗ ಸೀದಾ ಹೋಗ್ರಿ, ಅಲ್ಲೇ ಬರ್ತದ" ಅಂತ ಕೈ ತೋರಿಸುತ್ತಾರೆ. ಅಲ್ಲಿ ನಿಂತವರಿಗೆ ಅಷ್ಟು ಸಾಕು. ಅದೇ ಮಾತನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಬೀದರಿನ ಚೌಬಾರಾದ ಕೆಳಗೆ ಓದಿದರೆ "ಹಿಂಗ" ಅಂದರೆ ಯಾವ ಕಡೆ?

ವೆಬ್ ಪುಟದ ಲಿಂಕುಗಳಲ್ಲೂ ಈ ಎರಡು ಜಾತಿ ಇವೆ. ಎಲ್ಲಿಂದ ಓದಿದರೂ ಒಂದೇ ಜಾಗಕ್ಕೆ ಒಯ್ಯುವುದು ಅಬ್ಸಲ್ಯೂಟ್ ಲಿಂಕ್. ನಿಂತ ಜಾಗದ ಮೇಲೆ ಅರ್ಥ ಬದಲಾಗುವುದು ರಿಲೇಟಿವ್ ಲಿಂಕ್. ಪುಸ್ತಕದ ಕನ್ನಡದಲ್ಲಿ ಇವನ್ನು ನಿರಪೇಕ್ಷ, ಸಾಪೇಕ್ಷ ಅನ್ನುತ್ತಾರೆ, ಆದರೆ ಆ ಪದಗಳನ್ನು ಕೇಳಿ ಯಾರಿಗೂ ಏನೂ ಹೊಳೆಯುವುದಿಲ್ಲ. ರಿಲೇಟಿವ್ ಅಂದ ಕೂಡಲೇ ಹುಡುಗರಿಗೆ ನೆಂಟರು ನೆನಪಾಗುತ್ತಾರಲ್ಲ, ಆ ನೆನಪೇ ಮೇಲು. "ಕಾಕಾ" ಯಾರು ಅನ್ನುವುದು ಕರೆಯುವವನ ಮೇಲಿದೆ. ನಿಮ್ಮ ಕಾಕಾ ಬಾಜೂ ಮನೆಯವರಿಗೆ ಕಾಕಾ ಅಲ್ಲ. ರೇಷನ್ ಕಾರ್ಡಿನಲ್ಲಿರುವ ಹೆಸರು ಮಾತ್ರ ಯಾರು ಓದಿದರೂ ಒಬ್ಬನದೇ.

ಪಿನ್‌ಕೋಡ್ ಇನ್ನೂ ಹತ್ತಿರದ ಹೋಲಿಕೆ. ಕಲಬುರಗಿಯ ಪ್ರಧಾನ ಅಂಚೆ ಕಚೇರಿ 585101, ಬೀದರಿನದು 585401. ಮೊದಲ ಮೂರು ಅಂಕಿ ಎರಡಕ್ಕೂ ಒಂದೇ ಆದ್ದರಿಂದ ಇಲ್ಲಿ ಕೂತವರು ಬರೀ "101" ಅಂದರೂ ತಿಳಿಯುತ್ತದೆ, 585 ಮನಸ್ಸಿನಲ್ಲೇ ಸೇರಿಕೊಳ್ಳುತ್ತದೆ. ಅದೇ "101" ಅನ್ನು ರಾಯಚೂರಿನಲ್ಲಿ ಹೇಳಿದರೆ 584101, ಬಳ್ಳಾರಿಯಲ್ಲಿ 583101, ವಿಜಯಪುರದಲ್ಲಿ 586101. ಮೂರೂ ನಿಜವಾದ ಅಂಚೆ ಕಚೇರಿಗಳೇ, ಪತ್ರ ಮಾತ್ರ ಬೇರೆಯವರ ಕೈಗೆ ಹೋಗುತ್ತದೆ. ಬ್ರೌಸರ್ ಮಾಡುವ ಕೆಲಸವೂ ಇಷ್ಟೇ. ಅರ್ಧ ವಿಳಾಸ ಕಂಡರೆ, ತಾನು ಈಗ ತೆರೆದಿರುವ ಪುಟದ ವಿಳಾಸದಿಂದ ಉಳಿದರ್ಧ ತಂದು ಜೋಡಿಸುತ್ತದೆ. ಆ ಜೋಡಣೆಯ ನಿಯಮ ಗೊತ್ತಿದ್ದರೆ ಲಿಂಕು ಏಕೆ ಮುರಿಯಿತು ಅಂತ ತಲೆ ಕೆರೆದುಕೊಳ್ಳುವ ಪ್ರಸಂಗ ಬರುವುದಿಲ್ಲ.

ಒಂದು ಪೂರ್ತಿ ವಿಳಾಸ ನೋಡಿ. ಓದಲು ಸಲೀಸಾಗಲಿ ಅಂತ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ. ನಿಜವಾದ ಸೈಟಿನಲ್ಲಿ ಹೀಗೆ ಇಡಬಹುದೇ ಎಂಬುದನ್ನು ಆಮೇಲೆ ಹೇಳುತ್ತೇನೆ.

ಎಚ್‌ಟಿಟಿಪಿಎಸ್://ಉದಾಹರಣೆ.ಭಾರತ/ಬೀದರ್/ನೋಡುವಜಾಗ/ಕೋಟೆ.ಎಚ್‌ಟಿಎಂಎಲ್

ಎಚ್‌ಟಿಟಿಪಿಎಸ್ ಅಂದರೆ ಯಾವ ಗಾಡಿಯಲ್ಲಿ ಹೋಗುವುದು ಎಂಬುದು. ಎರಡು ಗೆರೆ ದಾಟಿದ ಮೇಲೆ ಬರುವುದು ಊರಿನ ಹೆಸರು. ಅದರ ನಂತರದ ಒಂಟಿ ಗೆರೆಯೇ ಊರ ಅಗಸಿ, ಅಂದರೆ ಊರಬಾಗಿಲು. ಅಗಸಿಯೊಳಗೆ ಬೀದರ್ ಎಂಬ ಓಣಿ, ಅದರೊಳಗೆ ನೋಡುವಜಾಗ ಎಂಬ ಸಣ್ಣ ಓಣಿ, ಅಲ್ಲಿ ಕೋಟೆ ಎಂಬ ಮನೆ. ಓಣಿ ಅಂದರೆ ಫೋಲ್ಡರ್, ಮನೆ ಅಂದರೆ ಫೈಲ್.

ಈಗ ನಾವು ಕೋಟೆ ಪುಟದಲ್ಲಿ ನಿಂತಿದ್ದೇವೆ ಅಂದುಕೊಳ್ಳಿ. ಅದೇ ಓಣಿಯಲ್ಲಿರುವ ಮಹಮೂದ್ ಗವಾನನ ಮದರಸಾ ಪುಟಕ್ಕೆ ಲಿಂಕು ಕೊಡಲು ಬರೀ "ಮದರಸಾ.ಎಚ್‌ಟಿಎಂಎಲ್" ಅಂತ ಬರೆದರೆ ಸಾಕು. ಬಾಜೂ ಮನೆಗೆ ಹೋಗಲು ಅಗಸಿಗೆ ಯಾಕೆ ಹೋಗಬೇಕು? ಮುಂದೆ ಒಂದು ಚುಕ್ಕೆ, ಒಂದು ಗೆರೆ ಹಾಕಿ "./ಮದರಸಾ.ಎಚ್‌ಟಿಎಂಎಲ್" ಅಂದರೂ ಅದೇ ಅರ್ಥ, "ಇದೇ ಓಣ್ಯಾಗ" ಅಂತ ಒತ್ತಿ ಹೇಳಿದ ಹಾಗೆ. ಎರಡು ಚುಕ್ಕೆ, ಒಂದು ಗೆರೆ "../" ಅಂದರೆ ಈ ಓಣಿಯಿಂದ ಹೊರಗೆ ಬಾ. "../ಊಟ/ಖಾನಾವಳಿ.ಎಚ್‌ಟಿಎಂಎಲ್" ಅಂದರೆ ನೋಡುವಜಾಗದಿಂದ ಹೊರಬಂದು ಬೀದರ್ ಓಣಿಯಲ್ಲೇ ಇರುವ ಊಟದ ಗಲ್ಲಿಗೆ ಹೊಕ್ಕ ಹಾಗೆ. "../../ಕಲಬುರಗಿ/ಕೋಟೆ.ಎಚ್‌ಟಿಎಂಎಲ್" ಅಂದರೆ ಎರಡು ಓಣಿ ದಾಟಿ ಅಗಸಿಗೆ ಬಂದು ಕಲಬುರಗಿಯ ಓಣಿ ಹಿಡಿಯುವುದು.

ಇದೇ ಕಲಬುರಗಿ ಕೋಟೆಗೆ "/ಕಲಬುರಗಿ/ಕೋಟೆ.ಎಚ್‌ಟಿಎಂಎಲ್" ಅಂತಲೂ ಬರೆಯಬಹುದು. ಮೊದಲಲ್ಲೇ ಗೆರೆ ಇದ್ದರೆ ನೀವು ಎಲ್ಲೇ ನಿಂತಿರಿ, ಲೆಕ್ಕ ಅಗಸಿಯಿಂದ. ಇದಕ್ಕೆ ರೂಟ್ ರಿಲೇಟಿವ್ ಅನ್ನುತ್ತಾರೆ. ಊರೊಳಗೆ ಇದು ಪೂರ್ಣ ವಿಳಾಸದಷ್ಟೇ ಗಟ್ಟಿ, ಊರು ಬದಲಾದರೆ ಹೊಸ ಊರಿನ ಅಗಸಿಗೆ ತಾನೇ ಹೊಂದಿಕೊಳ್ಳುತ್ತದೆ. ಲಿಂಕಿನ ಮೊದಲಲ್ಲಿ ಎರಡು ಗೆರೆ ಇದ್ದರೆ ಊರು ಬೇರೆ, ಗಾಡಿ ಮಾತ್ರ ನೀವು ಬಂದದ್ದೇ. ಎಚ್‌ಟಿಟಿಪಿಎಸ್ ಎಲ್ಲೆಡೆ ಇರುವ ಈ ಕಾಲದಲ್ಲಿ ಎರಡು ಗೆರೆಯ ಈ ಬಗೆ ಬೇಕಾಗಿಲ್ಲ, ಪೂರ್ತಿ ಬರೆದುಬಿಡಿ.

ಅಗಸಿಯ ಹೊರಗೂ "../" ಹಾಕಿದರೆ? ಮೂರು, ನಾಲ್ಕು ಎಷ್ಟೇ ಹಾಕಿ, ಬ್ರೌಸರ್ ಅಗಸಿಯಲ್ಲೇ ನಿಲ್ಲುತ್ತದೆ. ಹೆಚ್ಚಾದದ್ದನ್ನು ಬಿಸಾಡಬೇಕು ಎಂಬುದು 2005ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 3986 ಎಂಬ ಇಂಟರ್‌ನೆಟ್ ಮಾನದಂಡದ ನಿಯಮ. ಅದಕ್ಕೇ ಚುಕ್ಕೆ ಎಣಿಸುವುದರಲ್ಲಿ ತಪ್ಪಿದರೂ ಕೆಲವು ಲಿಂಕುಗಳು ಅದೃಷ್ಟದಿಂದ ತೆರೆಯುತ್ತವೆ. ಮುಂದೆ ಸೈಟನ್ನು ಒಂದು ಫೋಲ್ಡರಿನೊಳಗೆ ಇಟ್ಟ ದಿನ ಆ ಅದೃಷ್ಟ ಮುಗಿಯುತ್ತದೆ.

ಈಗ ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ, ಕೊನೆಯ ಗೆರೆ. ಜೋಡಣೆಯ ನಿಯಮ ಹೀಗಿದೆ: ತೆರೆದಿರುವ ಪುಟದ ವಿಳಾಸದಲ್ಲಿ ಕೊನೆಯ ಗೆರೆಯ ನಂತರ ಏನಿದೆಯೋ ಅದನ್ನು ಅಳಿಸು, ಉಳಿದದ್ದಕ್ಕೆ ರಿಲೇಟಿವ್ ಲಿಂಕು ಅಂಟಿಸು, ಆಮೇಲೆ ಚುಕ್ಕೆಗಳ ಲೆಕ್ಕ ತೀರಿಸು. ಅಳಿಸುವಾಗ ಅದು ಫೈಲೋ ಫೋಲ್ಡರೋ ಎಂದು ಬ್ರೌಸರ್ ವಿಚಾರಿಸುವುದಿಲ್ಲ. ಹೀಗಾಗಿ "/ಬೀದರ್/" ಎಂಬ ವಿಳಾಸದಲ್ಲಿ ನಿಂತು "ಕೋಟೆ.ಎಚ್‌ಟಿಎಂಎಲ್" ಒತ್ತಿದರೆ "/ಬೀದರ್/ಕೋಟೆ.ಎಚ್‌ಟಿಎಂಎಲ್"ಗೆ ಹೋಗುತ್ತೀರಿ. ಕೊನೆಯ ಗೆರೆ ಇಲ್ಲದ "/ಬೀದರ್"ನಲ್ಲಿ ನಿಂತು ಅದನ್ನೇ ಒತ್ತಿದರೆ ಬೀದರೇ ಅಳಿಸಿಹೋಗಿ "/ಕೋಟೆ.ಎಚ್‌ಟಿಎಂಎಲ್"! ಗೆರೆ ಇದ್ದರೆ ನೀವು ಓಣಿಯ ಒಳಗೆ ನಿಂತಿದ್ದೀರಿ, ಇಲ್ಲದಿದ್ದರೆ ಓಣಿಯ ಬಾಯಲ್ಲಿ. "ಒಳಗ ಎರಡನೇ ಮನಿ" ಅಂದಾಗ ಎಲ್ಲಿಂದ ಒಳಗೆ ಎಂಬುದು ಮುಖ್ಯ ತಾನೇ.

ನಿಜವಾದ ಫೋಲ್ಡರ್ ಇದ್ದಲ್ಲಿ ಅಪಾಚೆ, ಎಂಜಿನೆಕ್ಸ್‌ನಂಥ ಸರ್ವರುಗಳು ಗೆರೆ ಇಲ್ಲದ ವಿಳಾಸವನ್ನು ಗೆರೆ ಇರುವುದಕ್ಕೆ ತಾವೇ ತಿರುಗಿಸುತ್ತವೆ, ಹಾಗಾಗಿ ತೊಂದರೆ ಕಾಣುವುದಿಲ್ಲ. ಫೋಲ್ಡರೇ ಇಲ್ಲದೆ ಪ್ರೋಗ್ರಾಮು ಕಟ್ಟಿಕೊಡುವ ಪುಟಗಳಲ್ಲಿ ಎರಡೂ ವಿಳಾಸ ತೆರೆಯುವಂತೆ ಬಿಟ್ಟಿರುತ್ತಾರೆ. ಆಗ ಒಬ್ಬರಿಗೆ ಚಿತ್ರ ಕಾಣುತ್ತದೆ, ಇನ್ನೊಬ್ಬರಿಗೆ ಇಲ್ಲ, ಇಬ್ಬರೂ "ಅದೇ ಪುಟ" ನೋಡುತ್ತಿದ್ದೇವೆ ಅಂತ ಜಗಳ ಮಾಡುತ್ತಾರೆ. ಎರಡರಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅದಕ್ಕೆ ತಿರುಗಿಸಿ.

ಯಾವುದನ್ನು ಯಾವಾಗ ಬಳಸಬೇಕು ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಗಳ ಇತಿಹಾಸವೇ ಪಾಠ ಹೇಳುತ್ತದೆ. ಯಾದಗಿರಿ, ಶಹಾಪುರ, ಸುರಪುರ ಮೊದಲು ಗುಲಬರ್ಗಾ ಜಿಲ್ಲೆಯ ತಾಲೂಕುಗಳು. ಆಗ ಒಂದು ಸೈಟಿನಲ್ಲಿ "/ಗುಲಬರ್ಗಾ/ಶಹಾಪುರ/", "/ಗುಲಬರ್ಗಾ/ಸುರಪುರ/", "/ಗುಲಬರ್ಗಾ/ಸೇಡಂ/", "/ಗುಲಬರ್ಗಾ/ಚಿತ್ತಾಪುರ/" ಎಂಬ ಫೋಲ್ಡರುಗಳಿದ್ದವು ಅಂದುಕೊಳ್ಳಿ. ಯಾದಗಿರಿ ಬೇರೆ ಜಿಲ್ಲೆಯಾಯಿತು, ಶಹಾಪುರ ಮತ್ತು ಸುರಪುರದ ಫೋಲ್ಡರುಗಳನ್ನು ಎತ್ತಿ "/ಯಾದಗಿರಿ/" ಒಳಗೆ ಇಟ್ಟಿರಿ. ಶಹಾಪುರದ ಪುಟದಿಂದ ಸುರಪುರಕ್ಕೆ "../ಸುರಪುರ/" ಅಂತ ಬರೆದಿದ್ದ ಲಿಂಕಿಗೆ ಏನೂ ಆಗಲಿಲ್ಲ, ಏಕೆಂದರೆ ಇಬ್ಬರೂ ಕೂಡಿಯೇ ಮನೆ ಬದಲಿಸಿದ್ದಾರೆ. ಅದನ್ನೇ "/ಗುಲಬರ್ಗಾ/ಸುರಪುರ/" ಅಂತ ಅಗಸಿಯಿಂದ ಬರೆದಿದ್ದರೆ ಮುರಿಯುತ್ತಿತ್ತು. ಶಹಾಪುರದಿಂದ ಸೇಡಂಗೆ ಹಾಕಿದ್ದರದು ತಿರುವುಮುರುವು. "../ಸೇಡಂ/" ಈಗ ಯಾದಗಿರಿಯೊಳಗೆ ಸೇಡಂ ಹುಡುಕಿ ಸೋಲುತ್ತದೆ, "/ಗುಲಬರ್ಗಾ/ಸೇಡಂ/" ಅಲುಗಾಡದೆ ನಿಲ್ಲುತ್ತದೆ.

ಎಷ್ಟು ದಿನ? 2014ರ ನವೆಂಬರ್ 1ರ ತನಕ. ಅಂದು ಗುಲಬರ್ಗಾ ಕಲಬುರಗಿ ಆಯಿತು. ಫೋಲ್ಡರಿನ ಹೆಸರನ್ನೂ ಬದಲಿಸಿದ ಕ್ಷಣ ಅಗಸಿಯಿಂದ ಬರೆದ ಲಿಂಕುಗಳೆಲ್ಲ ಉದುರಿದವು. ಚಿತ್ತಾಪುರದಿಂದ ಸೇಡಂಗೆ "../ಸೇಡಂ/" ಅಂತ ಬರೆದದ್ದು ಮಾತ್ರ ಈ ಗದ್ದಲದ ಸುದ್ದಿಯೇ ಇಲ್ಲದಂತೆ ನಡೆಯುತ್ತಲೇ ಇದೆ. ಕೂಡಿ ಹೋಗುವ ಪುಟಗಳ ನಡುವೆ ರಿಲೇಟಿವ್ ಇಡಿ. ಯಾವ ಪುಟ ಒಂಟಿಯಾಗಿ ಊರು ಬಿಡುತ್ತದೋ ಅದಕ್ಕೆ ಗಟ್ಟಿ ವಿಳಾಸ ಕೊಡಿ.

ಒಂಟಿಯಾಗಿ ಊರು ಬಿಡುವವು ಯಾವುವು? ಇ-ಮೇಲ್, ಆರ್‌ಎಸ್‌ಎಸ್ ಫೀಡು (ಸೈಟಿನ ಹೊಸ ಬರಹಗಳನ್ನು ತಲುಪಿಸುವ ಪಟ್ಟಿ), ಪಿಡಿಎಫ್, ವಾಟ್ಸಾಪ್ ಸಂದೇಶ. ಇವಕ್ಕೆ "ಈಗ ತೆರೆದಿರುವ ಪುಟ" ಎಂಬುದೇ ಇಲ್ಲ, ಆದ್ದರಿಂದ ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ಪೂರ್ಣ ವಿಳಾಸವೇ ಬೇಕು. ಸರ್ಚ್ ಎಂಜಿನ್ನಿಗೆ ಪುಟಗಳ ಪಟ್ಟಿ ಕೊಡುವ ಸೈಟ್‌ಮ್ಯಾಪ್ ಫೈಲಿನೊಳಗೂ ಪೂರ್ಣ ವಿಳಾಸವೇ ನಿಯಮ. ಪುಟದ ಅಸಲಿ ವಿಳಾಸ ಯಾವುದೆಂದು ಹೇಳುವ ಕ್ಯಾನೋನಿಕಲ್ ಟ್ಯಾಗಿನಲ್ಲೂ ಪೂರ್ಣ ಬರೆಯುವುದು ಕ್ಷೇಮ. ವಾಟ್ಸಾಪಿನಲ್ಲಿ ಲಿಂಕು ಹಾಕಿದಾಗ ಚಿತ್ರ ಮೂಡದಿದ್ದರೆ ಮೊದಲು ನೋಡಬೇಕಾದದ್ದು ಪುಟದೊಳಗಿನ ಓಜಿ ಇಮೇಜ್ ಸಾಲು, ಅಂದರೆ ಹಂಚಿದಾಗ ಕಾಣಬೇಕಾದ ಚಿತ್ರದ ವಿಳಾಸ. ಅಲ್ಲಿ ಬರೀ "/ಚಿತ್ರ/ಬಿದ್ರಿ.ಜೆಪಿಜಿ" ಅಂತ ಇರುತ್ತದೆ. ಫೋನ್ ನಂಬರಿನ ಲಿಂಕೂ ಹಾಗೆಯೇ. ಕಲಬುರಗಿಯ ಲ್ಯಾಂಡ್‌ಲೈನನ್ನು ಊರೊಳಗಿನ ಇನ್ನೊಂದು ಲ್ಯಾಂಡ್‌ಲೈನಿನಿಂದ ಬರೀ ನಂಬರ್ ಒತ್ತಿ ಹಿಡಿಯಬಹುದು, ಬೇರೆ ಊರಿನಿಂದಾದರೆ 08472 ಬೇಕು, ಪುಟದಲ್ಲಿ ಹಾಕುವುದಾದರೆ ಸೊನ್ನೆ ತೆಗೆದು +91 8472 ಅಂತಲೇ ಶುರು ಮಾಡಿ. ಓದುವವರು ಪುಣೆಯಲ್ಲಿದ್ದಾರೋ ದುಬೈನಲ್ಲಿದ್ದಾರೋ ನಿಮಗೇನು ಗೊತ್ತು.

ಇದಕ್ಕೆ ತದ್ವಿರುದ್ಧ, ಪೆನ್‌ಡ್ರೈವಿನಲ್ಲಿ ಕೊಡುವ ಸೈಟು. ಇಂಟರ್‌ನೆಟ್ ನೆಟ್ಟಗಿಲ್ಲದ ಶಾಲೆಗೆ ಪಾಠದ ಪುಟಗಳನ್ನು ಹಾಗೆ ಕಳಿಸುವುದುಂಟು. ಅಲ್ಲಿ ಒಳಗಿನ ಲಿಂಕುಗಳೆಲ್ಲ ನಿಂತ ಜಾಗದಿಂದಲೇ ಇರಬೇಕು, ಅಗಸಿಯಿಂದ ಬರೆದದ್ದೂ ನಡೆಯುವುದಿಲ್ಲ. ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದಾಗ ಅಗಸಿ ಅಂದರೆ ಡ್ರೈವಿನ ಬುಡ. "/ಚಿತ್ರ/ಕೋಟೆ.ಜೆಪಿಜಿ" ಅಂದರೆ ವಿಂಡೋಸ್ ಆ ಡ್ರೈವಿನ ಬುಡದಲ್ಲೇ ಚಿತ್ರ ಎಂಬ ಫೋಲ್ಡರ್ ಹುಡುಕುತ್ತದೆ. ನಿಮ್ಮದು ಅದರೊಳಗೆ ಎಲ್ಲೋ ಮೂರು ಫೋಲ್ಡರ್ ಕೆಳಗಿರುತ್ತದೆ.

ಪುಕ್ಕಟೆ ಹೋಸ್ಟಿಂಗಿನಲ್ಲಿ ಸಿಗುವುದು ಇದೇ ಪೇಚು, ಬೇರೆ ವೇಷದಲ್ಲಿ. ಗಿಟ್‌ಹಬ್ ಪೇಜಸ್‌ನಲ್ಲಿ ಪ್ರಾಜೆಕ್ಟ್ ಸೈಟು ಮಾಡಿದರೆ ಅದು ನಿಮ್ಮ ಹೆಸರಿನ ವಿಳಾಸದ ಕೆಳಗೆ ಒಂದು ಫೋಲ್ಡರಿನಲ್ಲಿ ಕೂರುತ್ತದೆ. ದೊಡ್ಡ ವಾಡೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದ ಹಾಗೆ. ಪುಟದ ಬಣ್ಣ, ಅಂದಚೆಂದ ಇರುವ ಸಿಎಸ್‌ಎಸ್ ಫೈಲಿಗೆ "/ಶೈಲಿ/ಮುಖ್ಯ.ಸಿಎಸ್‌ಎಸ್" ಅಂದರೆ ಬ್ರೌಸರ್ ವಾಡೆಯ ಹೆಬ್ಬಾಗಿಲಿಗೆ ಹೋಗುತ್ತದೆ, ನಿಮ್ಮ ಕೋಣೆಯ ಬಾಗಿಲಿಗಲ್ಲ. ತೊಗರಿ ಬೇಳೆ ಅಂಗಡಿಯ ಸೈಟು ಕಂಪ್ಯೂಟರಿನಲ್ಲಿ ಚೆಂದ ಕಂಡು, ಏರಿಸಿದ ಮೇಲೆ ಬಣ್ಣವೆಲ್ಲ ಹೋಗಿ ಬರೀ ಅಕ್ಷರ ಉಳಿದರೆ ಕಾರಣ ಸಾಮಾನ್ಯವಾಗಿ ಇದೇ. ಪರಿಹಾರ ಎರಡು: ಪ್ರಾಜೆಕ್ಟಿನ ಹೆಸರನ್ನೂ ಸೇರಿಸಿ ಬರೆಯುವುದು, ಇಲ್ಲವೇ ನಿಂತ ಜಾಗದ ಲೆಕ್ಕಕ್ಕೆ ಬರುವುದು.

ಬೇಸ್ ಎಂಬ ಟ್ಯಾಗನ್ನು ಪುಟದ ಹೆಡ್ ಭಾಗದಲ್ಲಿ ಹಾಕಿ "ಎಲ್ಲ ಲೆಕ್ಕ ಇಲ್ಲಿಂದ" ಅಂತ ಹೇಳುವ ಮೂರನೇ ದಾರಿಯನ್ನೂ ಕೆಲವರು ತೋರಿಸುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಅದನ್ನು ಹಾಕಿದ ಮೇಲೆ ಪುಟದೊಳಗೇ ಕೆಳಗಿಳಿಸುವ "#ದಾರಿ"ಯಂಥ ಲಿಂಕುಗಳೂ ಬೇಸ್ ವಿಳಾಸಕ್ಕೇ ಅಂಟಿಕೊಳ್ಳುತ್ತವೆ. ಪುಟದ ಕೆಳಭಾಗಕ್ಕೆ ಹೋಗುತ್ತೇನೆ ಅಂತ ಒತ್ತಿದವರು ಮುಖಪುಟದಲ್ಲಿ ಎದ್ದುಕೂರುತ್ತಾರೆ. ಒಂದು ಬಾಗಿಲು ಸರಿಮಾಡಲು ಹೋಗಿ ಮನೆಯ ಎಲ್ಲ ಕಿಟಕಿಗಳ ಬೀಗ ಬದಲಿಸಿದಂತೆ.

ಇನ್ನೊಂದು ಸೂಕ್ಷ್ಮ. ನಿಂತ ಜಾಗ ಅಂದರೆ ಯಾರು ನಿಂತ ಜಾಗ? ಸಿಎಸ್‌ಎಸ್ ಫೈಲಿನೊಳಗೆ ಬರೆದ ಚಿತ್ರದ ವಿಳಾಸ ಆ ಸಿಎಸ್‌ಎಸ್ ಫೈಲಿನಿಂದ ಲೆಕ್ಕವಾಗುತ್ತದೆ, ಅದನ್ನು ಬಳಸಿದ ಪುಟದಿಂದಲ್ಲ. "/ಶೈಲಿ/" ಒಳಗಿನ ಸಿಎಸ್‌ಎಸ್, "/ಚಿತ್ರ/" ಒಳಗಿನ ಫೋಟೊವನ್ನು ಕರೆಯಬೇಕಾದರೆ "../ಚಿತ್ರ/" ಅನ್ನಬೇಕು, ಪುಟ ಎಷ್ಟೇ ಆಳದಲ್ಲಿರಲಿ. ಬೇರೆ ಫೈಲು ತರಿಸುವ ಜಾವಾಸ್ಕ್ರಿಪ್ಟಿನ ಫೆಚ್ ಮಾತ್ರ ಉಲ್ಟಾ, ಅದು ಪುಟದಿಂದಲೇ ಲೆಕ್ಕ ಹಾಕುತ್ತದೆ, ಸ್ಕ್ರಿಪ್ಟ್ ಫೈಲ್ ಎಲ್ಲಿದ್ದರೂ. ಅದೇ ಜಾವಾಸ್ಕ್ರಿಪ್ಟಿನ ಮಾಡ್ಯೂಲ್ ಇಂಪೋರ್ಟ್ ಮತ್ತೆ ತನ್ನ ಫೈಲಿನಿಂದ. ಇದಕ್ಕೆ ನೆಂಟಸ್ತಿಕೆಯ ಯಾವ ಹೋಲಿಕೆಯೂ ಪೂರ್ತಿ ಒಗ್ಗುವುದಿಲ್ಲ, ನೆನಪಿಟ್ಟುಕೊಳ್ಳಬೇಕು ಅಷ್ಟೇ.

ಎಲ್ಲ ಪುಟಗಳಿಗೂ ಒಂದೇ ತಲೆಪಟ್ಟಿ, ಒಂದೇ ಮೆನು ಸೇರಿಸುವ ಸೈಟುಗಳಲ್ಲಿ ಮೆನುವಿನ ಲಿಂಕನ್ನು ಅಗಸಿಯಿಂದ ಬರೆಯಿರಿ, ಏಕೆಂದರೆ ಆ ಮೆನು ಒಮ್ಮೆ ಒಂದು ಓಣಿ ಆಳದಲ್ಲಿ, ಒಮ್ಮೆ ಮೂರು ಓಣಿ ಆಳದಲ್ಲಿ ನಿಲ್ಲುತ್ತದೆ. ಕೇಳಿದ ಪುಟ ಸಿಗದಿದ್ದಾಗ ಕಾಣುವ 404 ಪುಟಕ್ಕೂ ಅದೇ ಮಾತು. ಆ ಪುಟ ಯಾವ ವಿಳಾಸದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ತಪ್ಪು ಬರೆದವನ ಕೈಯಲ್ಲಿದೆ.

ಹೆಸರು ಬದಲಾದ ಮೇಲೆ ಹಳೆಯ ವಿಳಾಸದ ಗತಿ ಏನು? ಗುಲಬರ್ಗಾ ಅಂತ ಬರೆದ ಲಕೋಟೆಯೂ ಕಲಬುರಗಿಗೆ ಮುಟ್ಟುತ್ತದೆ, ಏಕೆಂದರೆ 585101 ಬದಲಾಗಲಿಲ್ಲ, ವಿಂಗಡಿಸುವವರಿಗೆ ಎರಡೂ ಹೆಸರು ಗೊತ್ತು. ಸೈಟಿನಲ್ಲಿ ಆ ಕೆಲಸವನ್ನು 301 ಎಂಬ ತಿರುವು ಮಾಡುತ್ತದೆ: ಈ ಮನೆಯವರು ಕಾಯಂ ಆಗಿ ಅಲ್ಲಿಗೆ ಹೋಗಿದ್ದಾರೆ ಅಂತ ಸರ್ವರ್ ಹೇಳುತ್ತದೆ. ತಾತ್ಕಾಲಿಕವಾದರೆ 302. ಪುಟಪುಟಕ್ಕೂ ಅದರದೇ ಹೊಸ ವಿಳಾಸಕ್ಕೆ ತಿರುಗಿಸಿ. ಎಲ್ಲವನ್ನೂ ಮುಖಪುಟಕ್ಕೆ ದಬ್ಬುವುದು, ಶಹಾಪುರದ ಮನೆ ಕೇಳಿದವರನ್ನು ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿದ ಹಾಗೆ.

ವರ್ಡ್‌ಪ್ರೆಸ್ ಬಳಸುವವರಿಗೆ ಒಂದು ಎಚ್ಚರಿಕೆ. ಅದು ಚಿತ್ರ, ಲಿಂಕುಗಳನ್ನು ಡೇಟಾಬೇಸಿನಲ್ಲಿ ಪೂರ್ಣ ವಿಳಾಸದಲ್ಲೇ ಇಡುತ್ತದೆ. ಕಂಪ್ಯೂಟರಿನಲ್ಲಿ ಕಟ್ಟಿ ಸರ್ವರಿಗೆ ಏರಿಸಿದಾಗ ಎಲ್ಲವೂ ಇನ್ನೂ ಲೋಕಲ್‌ಹೋಸ್ಟ್ (ನಿಮ್ಮದೇ ಕಂಪ್ಯೂಟರ್) ಅನ್ನೇ ತೋರಿಸುತ್ತಿರುತ್ತವೆ. ಡೇಟಾಬೇಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಹೆಸರು ಬದಲಿಸಬೇಡಿ. ಕೆಲವು ಸೆಟ್ಟಿಂಗುಗಳಲ್ಲಿ ಅಕ್ಷರಗಳ ಜೊತೆ ಎಷ್ಟು ಬೈಟು ಎಂಬ ಎಣಿಕೆಯನ್ನೂ ಬರೆದಿರುತ್ತಾರೆ, ಹೊಸ ಹೆಸರಿನ ಉದ್ದ ಬೇರೆಯಾದರೆ ಎಣಿಕೆ ತಪ್ಪಿ ಸೆಟ್ಟಿಂಗ್ ಹಾಳಾಗುತ್ತದೆ. ಡಬ್ಲ್ಯುಪಿ-ಸಿಎಲ್‌ಐ ಸಲಕರಣೆಯ ಸರ್ಚ್-ರಿಪ್ಲೇಸ್ ಆ ಎಣಿಕೆಯನ್ನೂ ತಿದ್ದುತ್ತದೆ.

ಇನ್ನು ಕನ್ನಡ ಹೆಸರಿನ ವಿಷಯ. ಫೋಲ್ಡರಿಗೆ, ಫೈಲಿಗೆ ಕನ್ನಡದ ಹೆಸರಿಡಬಹುದು, ಬ್ರೌಸರ್ ಚೆನ್ನಾಗಿಯೇ ತೋರಿಸುತ್ತದೆ. ಆದರೆ ಸಾಗುವಾಗ ಅದು ಕನ್ನಡವಾಗಿ ಸಾಗುವುದಿಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಕಾಗುಣಿತದ ಗುರುತು 3 ಬೈಟು. ಪ್ರತಿ ಬೈಟು ಶೇಕಡಾ ಗುರುತು ಮತ್ತು ಎರಡು ಅಂಕೆ ಅಥವಾ ಇಂಗ್ಲಿಷ್ ಅಕ್ಷರವಾಗಿ 3 ಚಿಹ್ನೆಯಾಗುತ್ತದೆ. ಕಲಬುರಗಿ ಎಂಬಲ್ಲಿ ಕೊಂಬು, ಗುಡಿಸು ಸೇರಿ 7 ಗುರುತುಗಳಿವೆ, ಅಂದರೆ 63 ಚಿಹ್ನೆ. ವಾಟ್ಸಾಪಿಗೆ ನಕಲು ಮಾಡಿ ಹಾಕಿದಾಗ ಶೇಕಡಾಗಳ ಮಾಲೆ ಬರುವುದು ಇದಕ್ಕೇ. ತಪ್ಪೇನಿಲ್ಲ, ಲಿಂಕು ತೆರೆಯುತ್ತದೆ, ಆದರೆ ಕೈಯಿಂದ ಬರೆದುಕೊಳ್ಳಲು, ಫೋನಿನಲ್ಲಿ ಹೇಳಲು ಆಗದು. ಡೊಮೈನ್ ಹೆಸರು ಮಾತ್ರ ಪ್ಯೂನಿಕೋಡ್ ಎಂಬ ಬೇರೆ ದಾರಿಯಲ್ಲಿ ಬದಲಾಗುತ್ತದೆ. ನನ್ನ ಮಾತು ಕೇಳುವುದಾದರೆ ಪುಟದ ತಲೆಬರಹ ಕನ್ನಡದಲ್ಲಿರಲಿ, ಫೈಲಿನ ಹೆಸರು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, ಅಡ್ಡಗೆರೆಯಿಂದ ಜೋಡಿಸಿ. ಸಣ್ಣ ಅಕ್ಷರ ಅನ್ನಲು ಕಾರಣವಿದೆ. ವಿಂಡೋಸಿಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡೂ ಒಂದೇ. ಹೆಚ್ಚಿನ ಸರ್ವರುಗಳು ಓಡುವುದು ಲಿನಕ್ಸ್ ಮೇಲೆ, ಅಲ್ಲಿ ಅವು ಎರಡು ಬೇರೆ ಫೈಲು. ಕ್ಯಾಮೆರಾದ ಫೋಟೊಗಳ ಬಾಲದಲ್ಲಿ ಜೆಪಿಜಿ ಎಂಬುದು ದೊಡ್ಡ ಅಕ್ಷರದಲ್ಲಿ ಇರುವುದು ಸಾಮಾನ್ಯ. ಏರಿಸಿದ ಮೇಲೆ ಅವು ಮಾತ್ರ ಮಾಯವಾದರೆ ಅಚ್ಚರಿಪಡಬೇಡಿ.

ಪರೀಕ್ಷೆ ಮಾಡುವಾಗ ಡಬಲ್ ಕ್ಲಿಕ್ ನಂಬಬೇಡಿ. ಪೈಥಾನ್ 3ರ ಜೊತೆಗೇ ಬರುವ ಎಚ್‌ಟಿಟಿಪಿ ಸರ್ವರನ್ನು ಸೈಟಿನ ಫೋಲ್ಡರಿನಿಂದ ಓಡಿಸಿ, ಬೇರೆ ಹೇಳದಿದ್ದರೆ ಅದು 8000ನೇ ಪೋರ್ಟಿನಲ್ಲಿ ಏಳುತ್ತದೆ. ವಿಎಸ್ ಕೋಡಿನ ಲೈವ್ ಸರ್ವರ್ ಆದರೆ 5500. ಪುಟ ತೆರೆದು ಎಫ್12 ಒತ್ತಿ, ನೆಟ್‌ವರ್ಕ್ ಪಟ್ಟಿಗೆ ಹೋಗಿ ಮತ್ತೆ ರಿಫ್ರೆಶ್ ಮಾಡಿದರೆ 404 ಬಂದ ಸಾಲುಗಳು ಕೆಂಪಾಗಿ ಕಾಣುತ್ತವೆ. ಅಲ್ಲಿ ನೀವು ಬರೆದದ್ದನ್ನು ಬಿಟ್ಟು ಬ್ರೌಸರ್ ಜೋಡಿಸಿ ಕೇಳಿದ ಪೂರ್ಣ ವಿಳಾಸವನ್ನು ಓದಿ, ನಾಡಿ ಹಿಡಿದ ಹಾಗೆ ರೋಗ ಅಲ್ಲೇ ಸಿಗುತ್ತದೆ. "/ಬೀದರ್/ಬೀದರ್/ಕೋಟೆ" ಅಂತ ಒಂದೇ ಓಣಿ ಎರಡು ಸಲ ಬಂದಿದ್ದರೆ ಮೊದಲ ಗೆರೆ ಮರೆತಿದ್ದೀರಿ. ಓಣಿಯೇ ಕಾಣೆಯಾಗಿದ್ದರೆ ಪುಟದ ವಿಳಾಸದ ಕೊನೆಯ ಗೆರೆ ಹೋಗಿದೆ, ಇಲ್ಲವೇ ಚುಕ್ಕೆ ಹೆಚ್ಚಾಗಿವೆ. ನಿಮ್ಮ ಸೈಟಿನ ಹೆಸರಿನ ನಂತರ ಇನ್ನೊಂದು ಸೈಟಿನ ಡಬ್ಲ್ಯುಡಬ್ಲ್ಯುಡಬ್ಲ್ಯು ಅಂಟಿಕೊಂಡಿದ್ದರೆ ಎಚ್‌ಟಿಟಿಪಿಎಸ್:// ಬಿಟ್ಟು ಬರೆದಿದ್ದೀರಿ, ಅದನ್ನು ಬ್ರೌಸರ್ ನಿಮ್ಮದೇ ಓಣಿಯ ಒಂದು ಮನೆ ಅಂದುಕೊಂಡಿದೆ. ಸಿ ಡ್ರೈವ್, ಯೂಸರ್ಸ್, ಡೆಸ್ಕ್‌ಟಾಪ್ ಎಂಬ ಪದಗಳು ಕಂಡರೆ ಆ ಲಿಂಕು ಇರುವುದು ನಿಮ್ಮ ಕಂಪ್ಯೂಟರಿಗೆ ಮಾತ್ರ. ಡಬಲ್ ಕ್ಲಿಕ್ ಮಾಡಿ ತೆರೆದರೆ ನಿಮ್ಮಲ್ಲಿ ಚಿತ್ರ ಬರುತ್ತದೆ, ಬೇರೆ ಯಾರಲ್ಲೂ ಬರುವುದಿಲ್ಲ, ಅದಕ್ಕೇ ಈ ಕೊನೆಯದನ್ನು ಇನ್ನೊಬ್ಬರ ಮೊಬೈಲಿನಲ್ಲಿ ತೆರೆದೇ ನೋಡಬೇಕು.